ಕೈ ಬಿಗಿಯಾದ ವರ್ಷದ ದೀಪಾವಳಿ: ಯಾವುದನ್ನು ಪೂರ್ತಿ ಮಾಡಬೇಕು, ಯಾವುದನ್ನು ಪೂರ್ತಿ ಬಿಡಬೇಕು

ಪ್ರಶ್ನೆ: ನೆಲಮಂಗಲದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ ಯಂತ್ರದ ಆಪರೇಟರ್ ಆಗಿದ್ದರು, 20 ಸಾವಿರ ಸಂಬಳ. ಆರ್ಡರ್ ಇಲ್ಲ ಎಂದು ಆಗಸ್ಟ್ ಕೊನೆಯಲ್ಲಿ ಕೆಲಸದಿಂದ ಬಿಡಿಸಿದರು. ಈಗ ಸಿಕ್ಕಿದ ದಿನಗೂಲಿ ಕೆಲಸ, ತಿಂಗಳಿಗೆ 13 ಸಾವಿರ ಬಂದರೆ ಹೆಚ್ಚು. ನಾನು ಮನೆಯಲ್ಲೇ ಬ್ಲೌಸ್ ಹೊಲಿದು ಆರೂವರೆ ಸಾವಿರ ಸಂಪಾದಿಸುತ್ತೇನೆ. ತಿಂಗಳ ಖರ್ಚು 24 ಸಾವಿರ. ಬ್ಯಾಂಕಿನಲ್ಲಿ ಉಳಿದಿರುವುದು 38 ಸಾವಿರ, ಅದರಲ್ಲಿ ನವೆಂಬರ್‌ನಲ್ಲಿ ಮಕ್ಕಳ ಎರಡನೇ ಕಂತಿನ ಫೀಸು 9 ಸಾವಿರ ಕಟ್ಟಬೇಕು. ದೀಪಾವಳಿಗೆ ಇನ್ನು ಮೂರು ವಾರ. ಮೇ ತಿಂಗಳಲ್ಲಿ ಮದುವೆಯಾದ ನಾದಿನಿಗೆ ಇದು ಮೊದಲ ದೀಪಾವಳಿ, ಗಂಡನ ಜೊತೆ ನಮ್ಮ ಮನೆಗೇ ಬರುತ್ತಾಳೆ. ಮರ್ಯಾದೆ ಹೋಗಬಾರದು, ಆ್ಯಪ್‌ನಲ್ಲಿ 25 ಸಾವಿರ ಸಾಲ ತೆಗೆಯೋಣ ಅಂತಾರೆ ಯಜಮಾನರು. ಆಮೇಲೆ ಮಾತೇ ಇಲ್ಲ, ಗೋಡೆ ನೋಡಿಕೊಂಡು ಕೂರುತ್ತಾರೆ. ದೊಡ್ಡ ಮಗನಿಗೆ 13, ಚಿಕ್ಕ ಮಗುವಿಗೆ 7 ವರ್ಷ, ಅತ್ತೆಯೂ ನಮ್ಮ ಜೊತೆಗೇ ಇದ್ದಾರೆ. ಇರೋದರಲ್ಲೇ ಖುಷಿಪಡಬೇಕು, ದೇವರು ಕೊಟ್ಟಿದ್ದನ್ನು ನೆನೀಬೇಕು ಅಂತ ಎಲ್ಲರೂ ಬುದ್ಧಿ ಹೇಳುತ್ತಾರೆ. ಕೇಳಿದರೆ ಸಿಟ್ಟು ಬರುತ್ತದೆ. ಈ ಮನಸ್ಥಿತಿಯಲ್ಲಿ ಹಬ್ಬ ಹೇಗೆ ಮಾಡುವುದು?

ಉತ್ತರ: ಸಿಟ್ಟು ಬರುವುದು ನ್ಯಾಯವೇ. ಹಣದ ಲೆಕ್ಕ ಕೂಡದ ಮನೆಯಲ್ಲಿ ತಲೆ ಸದಾ ಅದೇ ಲೆಕ್ಕದಲ್ಲಿ ಓಡುತ್ತಿರುತ್ತದೆ, ಬೇರೆಯದಕ್ಕೆ ಜಾಗ ಉಳಿಯುವುದಿಲ್ಲ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಹಣ ಕೈಗೆ ಬಂದ ಮೇಲೆ ಒಮ್ಮೆ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಯೋಚನಾಶಕ್ತಿಯನ್ನು ಅಳೆಯುವ ಪರೀಕ್ಷೆಯಲ್ಲಿ ಅದೇ ರೈತರು ಕಟಾವಿಗೆ ಮುಂಚೆ ಹಿಂದೆ ಬಿದ್ದರು, ಆಮೇಲೆ ಚೆನ್ನಾಗಿ ಮಾಡಿದರು. ಮನುಷ್ಯರು ಅವರೇ, ಬದಲಾದದ್ದು ಕೈಯಲ್ಲಿದ್ದ ಹಣ. ಆದ್ದರಿಂದ ಮೊದಲು ಖುಷಿಪಡಿ, ಆಮೇಲೆ ಲೆಕ್ಕ ನೋಡೋಣ ಎಂಬ ಬುದ್ಧಿಮಾತು ತಲೆಕೆಳಗು. ಮೊದಲು ಲೆಕ್ಕ ಕಾಗದದ ಮೇಲೆ ಇಳಿಯಬೇಕು. ತಲೆಯಲ್ಲಿ ಜಾಗ ಆದ ಮೇಲೆಯೇ ಹಬ್ಬ.

ಆ ಲೆಕ್ಕವನ್ನು ಇಲ್ಲೇ ಮಾಡೋಣ. ಬರುವುದು 19,500, ಹೋಗುವುದು 24,000. ತಿಂಗಳಿಗೆ 4,500 ಕೊರತೆ. ಸರಿಯಾದ ಕೆಲಸ ಸಿಗಲು ಇನ್ನೂ ನಾಲ್ಕು ತಿಂಗಳು ಬೇಕು ಎಂದಿಟ್ಟುಕೊಂಡರೆ 18,000. ಫೀಸು 9,000. ಎರಡೂ ಸೇರಿ 27,000, ಇದನ್ನು ಮುಟ್ಟುವ ಹಾಗಿಲ್ಲ. ಉಳಿದ 11,000ದಲ್ಲಿ ಜ್ವರ, ಆಸ್ಪತ್ರೆ, ಮಿಕ್ಸಿ ಕೆಟ್ಟಿತು ಎಂಬಂಥದ್ದಕ್ಕೆ 5,000 ಎತ್ತಿಡಿ. ಹಬ್ಬಕ್ಕೆ ಸಿಗುವುದು 6,000. ಈ ಮೊತ್ತವನ್ನು ಇವತ್ತೇ ಎಟಿಎಂನಿಂದ ತೆಗೆದು ಒಂದು ಲಕೋಟೆಗೆ ಹಾಕಿ. ಹಬ್ಬದ ಖರ್ಚು ಫೋನ್ ಪೇ, ಗೂಗಲ್ ಪೇನಲ್ಲಿ ಆಗಬಾರದು. ನೋಟು ಕೊಡುವಾಗ ಕೈಗೆ ಗೊತ್ತಾಗುತ್ತದೆ, ಸ್ಕ್ಯಾನ್ ಮಾಡುವಾಗ ಗೊತ್ತಾಗುವುದಿಲ್ಲ. ಗೃಹಲಕ್ಷ್ಮಿಯ 2,000 ಬರಬೇಕಿದ್ದರೆ ಅದು ಖಾತೆಗೆ ಬೀಳುವ ತನಕ ಯಾವ ಲೆಕ್ಕಕ್ಕೂ ಸೇರಿಸಬೇಡಿ.

ಈಗ ಆ 25 ಸಾವಿರದ ಸಾಲ. ವರ್ಷಕ್ಕೆ ಶೇ. 30ರ ಬಡ್ಡಿ, 12 ಕಂತು ಎಂದು ಹಿಡಿದರೆ ತಿಂಗಳ ಕಂತು 2,437 ರೂಪಾಯಿ ಆಗುತ್ತದೆ. ಒಟ್ಟು ಕಟ್ಟುವುದು 29 ಸಾವಿರದ ಮೇಲೆ. ಸಂಸ್ಕರಣಾ ಶುಲ್ಕ ಮುರಿದುಕೊಂಡು ಕೊಡುವುದರಿಂದ ಕೈಗೆ ಬರುವುದು 25 ಸಾವಿರವೂ ಅಲ್ಲ. ನಿಮ್ಮ 4,500ರ ಕೊರತೆ ಸುಮಾರು 7,000 ಆಗುತ್ತದೆ. ನಾಲ್ಕು ತಿಂಗಳಿಗೆ ಎಂದು ಎತ್ತಿಟ್ಟ 18,000 ಎರಡೂವರೆ ತಿಂಗಳಿಗೇ ಖಾಲಿ. ಮುಂದಿನ ದೀಪಾವಳಿಗೆ ದೀಪ ಹಚ್ಚುವ ಹೊತ್ತಿಗೂ ಈ ದೀಪಾವಳಿಯ ಕಂತು ಮುಗಿದಿರುವುದೋ ಇಲ್ಲವೋ ಎಂಬಂತಾಗುತ್ತದೆ. ಯಜಮಾನರಿಗೆ 'ಸಾಲ ಬೇಡ' ಎಂದಷ್ಟೇ ಹೇಳಿದರೆ ಜಗಳವಾಗಬಹುದು. ಈ ನಾಲ್ಕು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಲೇತ್ ಮುಂದೆ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಿದವರಿಗೆ ಅಂಕಿ ಓದಲು ಯಾರೂ ಹೇಳಿಕೊಡಬೇಕಾಗಿಲ್ಲ. ಸಾಲವನ್ನು ಆಗಲೇ ತೆಗೆದಾಗಿದ್ದರೂ ಗಾಬರಿ ಬೇಡ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಡಿಜಿಟಲ್ ಸಾಲಕ್ಕೆ ಕನಿಷ್ಠ ಒಂದು ದಿನದ ಮರುಯೋಚನೆಯ ಅವಧಿ ಇರಲೇಬೇಕು. ಅದರೊಳಗೆ ಅಸಲು ಮತ್ತು ಅಷ್ಟು ದಿನದ ವೆಚ್ಚ ಹಿಂದಿರುಗಿಸಿದರೆ ದಂಡವಿಲ್ಲದೆ ಸಾಲ ಮುಗಿಯುತ್ತದೆ. ನಿಮಗೆ ಎಷ್ಟು ದಿನ ಕೊಟ್ಟಿದ್ದಾರೆ ಎಂಬುದು ಸಾಲದ ಜೊತೆ ಕೊಡುವ ಮುಖ್ಯಾಂಶ ಪತ್ರದಲ್ಲಿ ಬರೆದಿರುತ್ತದೆ.

ಸಾಲ ಕೇಳುವ ಮುಂಚೆ ನಿಮಗೇ ಬರಬೇಕಾದದ್ದನ್ನು ಕೇಳಿ. ಅವರು ಕಳೆದ ಏಪ್ರಿಲ್‌ನಿಂದ ಈ ಮಾರ್ಚ್‌ವರೆಗೆ ದುಡಿದ ವರ್ಷದ ಬೋನಸ್ ಸಿಕ್ಕಿದೆಯೇ? 1965ರ ಬೋನಸ್ ಕಾಯ್ದೆ ಅನ್ವಯಿಸುತ್ತಿದ್ದ ಕಾರ್ಖಾನೆಯಲ್ಲಿ 21 ಸಾವಿರದೊಳಗಿನ ಸಂಬಳಗಾರರಿಗೆ ಕನಿಷ್ಠ ಶೇ. 8.33 ಬೋನಸ್ ಕೊಡಬೇಕಿತ್ತು. 2025ರ ನವೆಂಬರ್‌ನಲ್ಲಿ ಅದರ ಬದಲಿಗೆ ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲೂ ಈ ಪ್ರಮಾಣ ಹಾಗೇ ಇದೆ. ಲೆಕ್ಕ ಹಾಕುವುದು ಪೂರ್ತಿ ಸಂಬಳದ ಮೇಲಲ್ಲ. ತಿಂಗಳಿಗೆ 7,000 (1965ರ ಕಾಯ್ದೆಯಲ್ಲಿದ್ದ ಮಿತಿ) ಅಥವಾ ಆ ಕೆಲಸದ ಕನಿಷ್ಠ ವೇತನ, ಇವೆರಡರಲ್ಲಿ ಹೆಚ್ಚಿನದು ಯಾವುದೋ ಅದರ ಮೇಲೆ. ಕಡಿಮೆಯೆಂದರೂ ವರ್ಷಕ್ಕೆ ಸುಮಾರು 7,000 ಬರಬೇಕು, ಕನಿಷ್ಠ ವೇತನ ಹಿಡಿದರೆ ಅದಕ್ಕಿಂತ ಹೆಚ್ಚು. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ, ಅಂದರೆ ನವೆಂಬರ್ 30ರೊಳಗೆ ಕೊಡಬೇಕು. ಕೆಲಸ ಬಿಡಿಸಿದ್ದಾರೆ ಎಂಬ ಕಾರಣಕ್ಕೆ ಈ ಹಕ್ಕು ಹೋಗುವುದಿಲ್ಲ. ಈ ವರ್ಷ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ 30 ದಿನಕ್ಕಿಂತ ಹೆಚ್ಚು ದುಡಿದಿರುವುದರಿಂದ ಅದರ ಪಾಲೂ ಮುಂದಿನ ವರ್ಷ ಸಲ್ಲಬೇಕು. ಬಾಯಿಮಾತಿನಲ್ಲಿ ಕೇಳಿದರೆ 'ನೋಡೋಣ' ಎನ್ನುತ್ತಾರೆ. ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಸಹಿ ಹಾಕಿಸಿಕೊಳ್ಳಲಿ. ಕೊಡದಿದ್ದರೆ ಅದೇ ಪ್ರತಿ ಹಿಡಿದು ಕಾರ್ಮಿಕ ಇಲಾಖೆಯ ನಿರೀಕ್ಷಕರ ಬಳಿ ಹೋಗಬಹುದು. ಹಣ ಬಂದರೂ ಹಬ್ಬಕ್ಕೆ ಬಳಸಬೇಡಿ, ಅದು ಮನೆ ನಡೆಸುವ ಹಣದ ಜೊತೆ ಸೇರಲಿ.

ಹಬ್ಬದ ವಿಷಯದಲ್ಲಿ ನಾವು ಒತ್ತಿ ಹೇಳುವುದು ಒಂದೇ. ಕೈ ಬಿಗಿಯಾದಾಗ ಮನೆಗಳಲ್ಲಿ ಆಗುವ ತಪ್ಪೆಂದರೆ ಎಲ್ಲವನ್ನೂ ಅರ್ಧರ್ಧ ಮಾಡುವುದು. ಅರ್ಧ ಪಟಾಕಿ, ಅರ್ಧ ಬಟ್ಟೆ, ನಾಲ್ಕೂ ತಿಂಡಿ ಸ್ವಲ್ಪ ಸ್ವಲ್ಪ. ಆಗ ಮನೆಯವರೆಲ್ಲರ ಕಣ್ಣಿಗೆ ಬೀಳುವುದು ಕಡಿಮೆಯಾದ ಅರ್ಧವೇ. ಬದಲಿಗೆ ಕೆಲವನ್ನು ಒಂದಿಷ್ಟೂ ಕಡಿಮೆ ಮಾಡದೆ ಮಾಡಿ, ಉಳಿದದ್ದನ್ನು ಪೂರ್ತಿ ಬಿಟ್ಟುಬಿಡಿ. ಯಾವುದನ್ನು ಮಾಡುವುದು ಎಂಬುದಕ್ಕೆ ನಮ್ಮ ದೀಪಾವಳಿಯಲ್ಲೇ ಉತ್ತರವಿದೆ. ತ್ರಯೋದಶಿ ಸಂಜೆ ನೀರು ತುಂಬುವುದು, ಚತುರ್ದಶಿ ಬೆಳಗಿನ ಎಣ್ಣೆಸ್ನಾನ, ಅಮಾವಾಸ್ಯೆಯ ಪೂಜೆ, ಪಾಡ್ಯದ ಬಲೀಂದ್ರ, ಮೂರೂ ಸಂಜೆ ದೀಪ. ನೀರು, ಎಣ್ಣೆ, ಬತ್ತಿ, ಅಕ್ಕಿ, ಬೆಲ್ಲ. ಇಷ್ಟರಲ್ಲಿ ದುಬಾರಿಯದು ಏನೂ ಇಲ್ಲ. ತ್ರಯೋದಶಿಗೆ ಚಿನ್ನ ಕೊಳ್ಳಲೇಬೇಕು ಎಂಬ ಮಾತು ನಮ್ಮ ಹಳೇ ಮೈಸೂರು ಕಡೆಯದಲ್ಲ. ಉತ್ತರದಿಂದ, ಅಂಗಡಿ ಜಾಹೀರಾತಿನ ಜೊತೆ ಬಂದದ್ದು. ನಮ್ಮಲ್ಲಿ ಆ ಸಂಜೆಯ ಹೆಸರೇ ನೀರು ತುಂಬುವ ಹಬ್ಬ. ಅದನ್ನು ನಿಶ್ಚಿಂತೆಯಿಂದ ಮಾಡಿ.

ಹಂಡೆ ಇಲ್ಲದಿದ್ದರೆ ಗೀಸರ್ ಬಕೆಟ್ಟೂ ಆಗುತ್ತದೆ, ಆದರೆ ಅದನ್ನೂ ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಹಾಗಲ ಬಳ್ಳಿ ಸುತ್ತಿ, ಅರಿಶಿನ ಕುಂಕುಮ ಇಟ್ಟು, ಎಲ್ಲರೂ ಸೇರಿ ಒಂದೊಂದು ಚೊಂಬು ನೀರು ಹಾಕಬೇಕು. ಇದನ್ನು ಯಜಮಾನರಿಗೂ ಮಕ್ಕಳಿಗೂ ವಹಿಸಿ. ಕೆಲಸ ಕಳೆದುಕೊಂಡವರಿಗೆ ಮನೆಯಲ್ಲಿ 'ನೀವು ಆರಾಮಾಗಿರಿ' ಎಂದು ಎಲ್ಲದರಿಂದ ದೂರ ಇಡುವುದು ಒಳ್ಳೆಯ ಮನಸ್ಸಿನಿಂದ ಮಾಡುವ ಕೆಟ್ಟ ಕೆಲಸ. ತನ್ನಿಂದ ಆಗಬೇಕಾದದ್ದು ಏನೂ ಇಲ್ಲ ಎಂದು ಅವರಿಗೆ ಇನ್ನೂ ಗಟ್ಟಿಯಾಗುತ್ತದೆ. ಹಂಡೆ, ತೋರಣ, ಬಲೀಂದ್ರನಿಗೆ ಬೇಕಾದ ಸಾಮಾನು, ತಂಗಿಯನ್ನೂ ಅವಳ ಗಂಡನನ್ನೂ ಬಸ್‌ಸ್ಟ್ಯಾಂಡಿನಿಂದ ಕರೆತರುವುದು, ಇವೆಲ್ಲ ಅವರ ಪಾಲಿಗೆ ಬರಲಿ.

ಎಣ್ಣೆಸ್ನಾನಕ್ಕೆ ದೊಡ್ಡವರಿಗೆ ತಲಾ ಮೂರು ಚಮಚ, ಮಕ್ಕಳಿಗೆ ಒಂದೂವರೆ ಎರಡು ಚಮಚದ ಲೆಕ್ಕ ಹಿಡಿದರೆ ಏಳು ಜನರಿಗೆ ಕಾಲು ಲೀಟರ್ ಎಳ್ಳೆಣ್ಣೆ ಧಾರಾಳ. ಎಣ್ಣೆಯನ್ನು ಒಲೆಯ ಮೇಲಿಟ್ಟು ಕಾಯಿಸಬೇಡಿ. ಬಟ್ಟಲನ್ನು ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟರೆ ಸಾಕು. ಕೂರಿಸಿ, ಮೊದಲು ನೆತ್ತಿಗೆ ಹಾಕಿ, ತಟ್ಟಿ, ಆಮೇಲೆ ಕಿವಿ, ಬೆನ್ನು, ಪಾದ. ಅಂಗಡಿ ಸಾಬೂನು ಬೇಡ, ಸೀಗೆಪುಡಿ ಕಡಲೆಹಿಟ್ಟು ಸಾಕು. ಬಚ್ಚಲ ನೆಲ ಜಾರುತ್ತದೆ, ಅತ್ತೆಯವರಿಗೆ ಒಂದು ಮಣೆ ಅಥವಾ ಸ್ಟೂಲು ಇಡಿ. ಹುಡುಗನಿಗೆ 13 ವರ್ಷ, ನಾಚಿಕೆಗೆ ಬೇಡ ಎನ್ನಬಹುದು. ಆದರೂ ನೆತ್ತಿಗಾದರೂ ಹಾಕಿಸಿಕೊಳ್ಳಲಿ. ಮನೆಯಲ್ಲಿ ತಿಂಗಳುಗಳಿಂದ ಯಾರೂ ಯಾರ ತಲೆಯನ್ನೂ ಮುಟ್ಟಿರುವುದಿಲ್ಲ. ಯಜಮಾನರ ನೆತ್ತಿಗೆ ಅವರಮ್ಮ ಎಣ್ಣೆ ಹಾಕುವ ಹಾಗೆ ನೋಡಿಕೊಳ್ಳಿ. ಮಾತು ಹೊರಡದ ಮನುಷ್ಯನಿಗೆ ಬುದ್ಧಿಮಾತು ತಲುಪದ ಕಡೆಗೆ ಅದು ತಲುಪುತ್ತದೆ.

ದೀಪ. ಹೊಸ ಮಣ್ಣಿನ ಹಣತೆಯನ್ನು ಹಾಗೇ ಬಳಸಿದರೆ ಎಣ್ಣೆಯನ್ನು ಮಣ್ಣೇ ಕುಡಿಯುತ್ತದೆ. ಹಿಂದಿನ ದಿನ ಮೂರು ನಾಲ್ಕು ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಬೋರಲು ಹಾಕಿ ಒಣಗಿಸಿ. ಸಣ್ಣ ಹಣತೆಗೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 15 ಮಿಲಿ ಎಣ್ಣೆ ಹಿಡಿಯುತ್ತದೆ. ಸಂಜೆಗೆ 20 ಹಣತೆ, ಮೂರು ಸಂಜೆ, ಹೆಚ್ಚುಕಡಿಮೆ 900 ಮಿಲಿ. ಒಂದು ಲೀಟರ್ ದೀಪದ ಎಣ್ಣೆಯಲ್ಲಿ ಹಬ್ಬ ಮುಗಿಯುತ್ತದೆ. ಬತ್ತಿ ದಪ್ಪವಾದರೆ ಹೊಗೆ ಹೆಚ್ಚು, ಎಣ್ಣೆಯೂ ಬೇಗ ಮುಗಿಯುತ್ತದೆ, ತೆಳ್ಳಗೆ ಹೊಸೆಯಿರಿ. ಉಳಿತಾಯಕ್ಕೆಂದು ಕೆಲವರು ಹಣತೆಗೆ ಅರ್ಧ ನೀರು ಹಾಕಿ ಮೇಲೆ ಎಣ್ಣೆ ಬಿಡುತ್ತಾರೆ. ಅದು ತೇಲುವ ಬತ್ತಿಯ ಗಾಜಿನ ಲೋಟಕ್ಕೆ ಸರಿ. ಹಣತೆಯಲ್ಲಿ ಬತ್ತಿಯ ಬುಡ ನೀರಿಗೆ ತಾಗಿ ಚಟಪಟ ಎಂದು ಆರಿಹೋಗುತ್ತದೆ. ಪ್ಲಾಸ್ಟಿಕ್ ಸೀರಿಯಲ್ ಸೆಟ್ ಈ ವರ್ಷ ಬೇಡ.

ತಿಂಡಿಯಲ್ಲಿ ಒಂದೇ ಒಂದನ್ನು ಆರಿಸಿ, ಧಾರಾಳವಾಗಿ ಮಾಡಿ. ನಿಮ್ಮ ಸೀಮೆಯಲ್ಲಿ ದೀಪಾವಳಿ ಎಂದರೆ ಕಜ್ಜಾಯ. ನೋಮು (ಹಬ್ಬದ ವ್ರತ) ಇರುವ ಮನೆಯಾದರೆ 21 ಕಜ್ಜಾಯ ಹೇಗಿದ್ದರೂ ಬೇಕು. ಒಂದು ಕೆಜಿ ಅಕ್ಕಿ, ಮುಕ್ಕಾಲು ಕೆಜಿ ಬೆಲ್ಲಕ್ಕೆ 45ರಿಂದ 50 ಕಜ್ಜಾಯ ಬರುತ್ತವೆ, ಎರಡು ವಾರ ಕೆಡುವುದಿಲ್ಲ. ಪಡಿತರದ ಬೆಳ್ತಿಗೆ ಅಕ್ಕಿಯೂ ಆಗುತ್ತದೆ, ಕುಸುಬಲಕ್ಕಿ ಮಾತ್ರ ಆಗುವುದಿಲ್ಲ. ಅಕ್ಕಿಯನ್ನು ಒಂದು ರಾತ್ರಿ ಒಂದು ಹಗಲು ನೆನೆಸಿ, ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಅರ್ಧ ಗಂಟೆ ಹರಡಿ. ಅಂಗೈ ಒತ್ತಿದರೆ ಕಾಳು ಅಂಟಬೇಕು, ನೀರು ಅಂಟಬಾರದು. ಪೂರ್ತಿ ಒಣಗಿದ ಅಕ್ಕಿಯ ಹಿಟ್ಟು ಪಾಕ ಹೀರದೆ ಕಜ್ಜಾಯ ಬಿರುಸಾಗುತ್ತದೆ. ಹಬ್ಬದ ವಾರ ಒದ್ದೆ ಅಕ್ಕಿ ಬೀಸಿಕೊಡುವ ಮಿಲ್ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಿ. ಬೀಸಿ ಜರಡಿ ಹಿಡಿದ ಹಿಟ್ಟನ್ನು ತೇವ ಆರದಂತೆ ಒತ್ತಿ ಮುಚ್ಚಿಡಿ.

ಕಷ್ಟವೆಲ್ಲ ಪಾಕದ್ದು. ಬೆಲ್ಲಕ್ಕೆ ಒಂದು ಸಣ್ಣ ಲೋಟ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಕುದಿಸಿ. ತಟ್ಟೆಯಲ್ಲಿ ತಣ್ಣೀರಿಟ್ಟುಕೊಂಡು ಒಂದು ಹನಿ ಬಿಟ್ಟು ಬೆರಳಲ್ಲಿ ಕೂಡಿಸಿ ನೋಡಿ. ಹರಡಿಕೊಂಡರೆ ಇನ್ನೂ ಆಗಿಲ್ಲ. ಮೆತ್ತಗೆ ಉಂಡೆಯಾಗಿ, ಒತ್ತಿದರೆ ಚಪ್ಪಟೆಯಾದರೆ ಆ ಕ್ಷಣವೇ ಒಲೆ ಆರಿಸಿ. ತಟ್ಟೆಗೆ ಹಾಕಿದರೆ ಟಣ್ ಎಂದು ಸದ್ದು ಬಂದರೆ ಮೀರಿತು. ಎಳ್ಳು, ಗಸಗಸೆ, ಏಲಕ್ಕಿ ಹಾಕಿ, ಹಿಟ್ಟನ್ನು ಹಿಡಿಹಿಡಿಯಾಗಿ ಸುರಿಯುತ್ತಾ ತಿರುವಿ. ಚಪಾತಿ ಹಿಟ್ಟಿಗಿಂತ ಸಡಿಲವಾಗಿರುವಾಗಲೇ ನಿಲ್ಲಿಸಿ, ರಾತ್ರಿ ಕಳೆದರೆ ತಾನೇ ಗಟ್ಟಿಯಾಗುತ್ತದೆ. ಮರುದಿನ ಮೊದಲು ಒಂದನ್ನೇ ತಟ್ಟಿ ಸಣ್ಣ ಉರಿಯಲ್ಲಿ ಬಿಡಿ. ಎಣ್ಣೆಯಲ್ಲಿ ಚೆದುರಿದರೆ ಪಾಕ ಎಳೆಯದಾಗಿತ್ತು ಎಂದರ್ಥ, ಎರಡು ಹಿಡಿ ಹಿಟ್ಟು ಸೇರಿಸಿ ನಾದಿ. ಕಲ್ಲಾದರೆ ಪಾಕ ಏರಿತ್ತು, ಬೆಚ್ಚಗಿನ ಹಾಲನ್ನು ಚಿಮುಕಿಸಿ ನಾದಿ ಅರ್ಧ ಗಂಟೆ ಬಿಡಿ. ಬಾಣಲೆಗೆ ಮುಕ್ಕಾಲು ಲೀಟರ್ ಎಣ್ಣೆ ಸಾಕು. ತೆಗೆದ ಕೂಡಲೇ ಎರಡು ಜಾಲರಿ ಸೌಟಿನ ನಡುವೆ ಒತ್ತಿದರೆ ಕುಡಿದ ಎಣ್ಣೆ ಬಾಣಲೆಗೇ ವಾಪಸು.

ಒಂದೇ ತಿಂಡಿ ಎಂದು ಹೇಳುವುದಕ್ಕೆ ಎಣ್ಣೆಯ ಬೆಲೆಯೊಂದೇ ಕಾರಣವಲ್ಲ. ದೀಪಾವಳಿಗೆ ಮುಂಚಿನ ಮೂರು ವಾರ ಬ್ಲೌಸ್ ಹೊಲಿಯುವವರಿಗೆ ವರ್ಷದ ಒಳ್ಳೆಯ ಕಾಲ. ಚಕ್ಕುಲಿ, ಕೋಡುಬಳೆ, ರವೆಉಂಡೆ ಎಂದು ಒಲೆಯ ಮುಂದೆ ಕಳೆಯುವ ಒಂದೊಂದು ಸಂಜೆಯೂ ಎರಡು ಬ್ಲೌಸಿನ ದುಡಿಮೆ. ಅರ್ಧ ಮುಂಗಡ ಪಡೆದೇ ಬಟ್ಟೆ ಇಸಿದುಕೊಳ್ಳಿ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಹೊಸ ಆರ್ಡರ್ ನಿಲ್ಲಿಸಿ. ಇಲ್ಲದಿದ್ದರೆ ಎಣ್ಣೆಸ್ನಾನದ ಬೆಳಗ್ಗೆಯೂ ಹುಕ್ಸ್ ಹಾಕುತ್ತಾ ಕೂರಬೇಕಾಗುತ್ತದೆ.

6,000ವನ್ನು ಹೀಗೆ ಹಂಚಬಹುದು: ಬಟ್ಟೆಗೆ 2,200, ಅಡುಗೆ ಮತ್ತು ಕಜ್ಜಾಯಕ್ಕೆ 1,800, ದೀಪ ಪೂಜೆ ಹೂವಿಗೆ 700, ಪಟಾಕಿಗೆ 500, ತಾಂಬೂಲಕ್ಕೆ 300, ಕೈಜಾರಿದ್ದಕ್ಕೆ 500. ಬಟ್ಟೆಯಲ್ಲಿ ನಾದಿನಿಗೆ ಒಂದು ಕಾಟನ್ ಸೀರೆ, ಅವಳ ಗಂಡನಿಗೆ ಪಂಚೆ ಶಲ್ಯ, ಮಕ್ಕಳಿಗೆ ಒಂದೊಂದು ಜೊತೆ. ದೊಡ್ಡವರಿಗೆ ಈ ಸಲ ಹೊಸದಿಲ್ಲ. ನಾದಿನಿಯ ಬ್ಲೌಸನ್ನು ನೀವೇ ಹೊಲಿಯಿರಿ, ಅಳತೆ ಫೋನಿನಲ್ಲೇ ತರಿಸಿಕೊಂಡು ಅವಳು ಬರುವ ಹೊತ್ತಿಗೆ ಇಸ್ತ್ರಿ ಮಾಡಿಟ್ಟಿರಲಿ. ಸೇವಂತಿಗೆಯ ಬೆಲೆ ಹಬ್ಬದ ಮುನ್ನಾದಿನ ಏರುತ್ತದೆ. ಎರಡು ದಿನ ಮುಂಚೆ ಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮಾರ್ಕೆಟ್ಟಿಗೆ ನೀವೇ ಹೋದರೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಚಾರ್ಜೂ ಇಲ್ಲ.

ಪಟಾಕಿಯ 500ನ್ನು ನೋಟಾಗಿಯೇ ಮಕ್ಕಳ ಕೈಗೆ ಕೊಡಿ. ಏನು ಕೊಳ್ಳುವುದು ಎಂದು ಅವರೇ ಚೌಕಾಸಿ ಮಾಡಲಿ, ನೀವು ಬಾಯಿ ಹಾಕಬೇಡಿ. ಹಸಿರು ಪಟಾಕಿಯ ಗುರುತು ನೋಡುವುದು, ರಾತ್ರಿ 8ರಿಂದ 10ರೊಳಗೆ ಹೊಡೆಯುವುದು, ಪಕ್ಕದಲ್ಲಿ ಒಂದು ಬಕೆಟ್ ನೀರು, ಇಷ್ಟು ಮಾತ್ರ ನಿಮ್ಮ ಷರತ್ತು. ಅಪ್ಪ ಕೊಡಿಸಲಿಲ್ಲ ಎಂಬ ಮಾತು ಹುಟ್ಟುವುದೇ ದೊಡ್ಡವರು ಗುಟ್ಟಾಗಿ ಕಡಿಮೆ ಮಾಡಿದಾಗ. ದೊಡ್ಡವನಿಗೆ ಪೂರ್ತಿ ಲೆಕ್ಕ ತೋರಿಸಬಹುದು, 13 ವರ್ಷಕ್ಕೆ ಅರ್ಥವಾಗುತ್ತದೆ, ನಂಬಿದ್ದಾರೆ ಎಂದು ಹೆಮ್ಮೆಯೂ ಆಗುತ್ತದೆ. ಚಿಕ್ಕದಕ್ಕೆ ಅಂಕಿ ಬೇಡ. ಆ ವಯಸ್ಸಿನ ಮಕ್ಕಳ ಭಯ ಬೇರೆ: ಮನೆ ಬಿಡಬೇಕಾ, ಸ್ಕೂಲು ಬಿಡಬೇಕಾ, ಅಪ್ಪ ಯಾಕೆ ಮಾತಾಡಲ್ಲ. ಕೇಳಲಿ ಎಂದು ಕಾಯದೆ ನೀವೇ ಹೇಳಿ: 'ಅಪ್ಪನ ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗಿದೆ, ಬೇರೆ ಹುಡುಕ್ತಿದ್ದಾರೆ. ಇದೇ ಮನೆ, ಇದೇ ಸ್ಕೂಲು. ಅಪ್ಪನಿಗೆ ನಿನ್ನ ಮೇಲೆ ಕೋಪ ಇಲ್ಲ.'

ಈಗ ನಿಮ್ಮನ್ನು ಎಲ್ಲಕ್ಕಿಂತ ಕಾಡುತ್ತಿರುವುದು, ನಾದಿನಿಯ ಮೊದಲ ದೀಪಾವಳಿ. ಇಲ್ಲಿ ಮರ್ಯಾದೆ ಹೋಗುವುದು ಕಡಿಮೆ ಕೊಟ್ಟದ್ದರಿಂದಲ್ಲ, ಕೊನೇ ಗಳಿಗೆಯಲ್ಲಿ ಕಡಿಮೆ ಕೊಟ್ಟದ್ದರಿಂದ. ಉಂಗುರ ಬರುತ್ತದೆಂದು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಪಂಚೆ ಕೊಟ್ಟರೆ ಬೇಸರವಾಗುತ್ತದೆ. ಮೂರು ವಾರ ಮೊದಲೇ ಗೊತ್ತಿದ್ದರೆ ಅದೇ ಪಂಚೆ ಉಡುಗೊರೆ. ಹೇಳಬೇಕಾದವರು ನೀವಲ್ಲ, ಯಜಮಾನರೂ ಅಲ್ಲ, ನಿಮ್ಮ ಅತ್ತೆ. ಮಗಳ ತಾಯಿಯಾಗಿ ಬೀಗಿತ್ತಿಯ ಜೊತೆ ನೇರ ಮಾತಾಡುವ ಸಲಿಗೆಯೂ ಹಕ್ಕೂ ಅವರದು. ಅದಕ್ಕೂ ಮುಂಚೆ ನಾದಿನಿಗೆ ತಿಳಿದಿರಲಿ, ಬೇರೆಯವರ ಬಾಯಿಂದ ಅವಳ ಕಿವಿಗೆ ಬೀಳಬಾರದು. ಮಾತು ಉದ್ದ ಬೇಡ: 'ಈ ವರ್ಷ ನಮ್ಮ ಹುಡುಗನ ಕೆಲಸದ ಕಡೆ ಸ್ವಲ್ಪ ಬಿಗಿ ಇದೆ ಕಣ್ರೀ. ಮಕ್ಕಳು ಬಂದು ಎಣ್ಣೆ ಹಾಕಿಸ್ಕೊಂಡು, ಉಂಡು, ಎರಡು ದಿನ ಇದ್ದು ಹೋಗ್ಲಿ. ಪಂಚೆ ಸೀರೆ ಬಿಟ್ಟು ಬೇರೆ ಏನೂ ಮಾಡಕ್ಕಾಗಲ್ಲ, ನಿಮ್ಗೆ ಮೊದ್ಲೇ ಹೇಳ್ಬೇಕು ಅನ್ನಿಸ್ತು.' ಇಷ್ಟೇ. 'ಸಂಕ್ರಾಂತಿಗೆ ಮಾಡ್ತೀವಿ' ಎಂದು ಸೇರಿಸಬಾರದು. ಬಾಯಿಗೆ ಬಂದು ಬಿಡುವ ಆ ಮಾತೇ ಜನವರಿಯ ಸಾಲವಾಗುತ್ತದೆ. ಕ್ಷಮೆಯನ್ನೂ ಮತ್ತೆ ಮತ್ತೆ ಕೇಳಬಾರದು. ಬಹುಪಾಲು ಬೀಗರು 'ಅಯ್ಯೋ ಅದಕ್ಕೇನಂತೆ' ಎನ್ನುತ್ತಾರೆ, ಅವರ ಮನೆಯಲ್ಲೂ ಇಂಥ ವರ್ಷಗಳು ಬಂದು ಹೋಗಿರುತ್ತವೆ. ಕೊಡಲೇಬೇಕು ಎಂದು ಯಾರಾದರೂ ಒತ್ತಾಯಿಸಿದರೆ ಅದು ಹಬ್ಬದ ಪದ್ಧತಿ ಅಲ್ಲ. ಹಾಗೆ ಬೇಡಿಕೆ ಇಡುವುದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯಡಿ ಅಪರಾಧವಾಗಬಹುದು. ಅಂಥ ಒತ್ತಡಕ್ಕೆ ಸಾಲ ಮಾಡಿ ಒಮ್ಮೆ ಮಣಿದರೆ ನಾದಿನಿಗೇ ಕಷ್ಟ.

ಇನ್ನು ಕೃತಜ್ಞತೆ. ನಿಮಗೆ ಸಿಟ್ಟು ಬರಿಸುವ ಆ ಬುದ್ಧಿಮಾತಿನಲ್ಲಿರುವುದು ಕೃತಜ್ಞತೆಯೇ ಅಲ್ಲ, ತೃಪ್ತಿ. ಇದ್ದದ್ದು ಸಾಕು ಎಂದುಕೊಳ್ಳಿ ಎನ್ನುತ್ತಿದ್ದಾರೆ. ನಿಮಗೆ ಇದ್ದದ್ದು ಸಾಕಾಗುತ್ತಿಲ್ಲ, ತಿಂಗಳಿಗೆ 4,500 ಸಾಲುತ್ತಿಲ್ಲ, ಸಾಕು ಎಂದುಕೊಳ್ಳುವುದು ಸುಳ್ಳಾಗುತ್ತದೆ. ಕೃತಜ್ಞತೆ ಎಂಬ ಪದವನ್ನು ಬಿಡಿಸಿ ನೋಡಿದರೆ ಕೃತ, ಜ್ಞ. ಮಾಡಿದ್ದನ್ನು ಬಲ್ಲವರು. ಯಾರೋ ಏನನ್ನೋ ಮಾಡಿದ್ದಾರೆ, ಅದು ನನಗೆ ಗೊತ್ತಿದೆ ಎನ್ನುವುದು. ಇದಕ್ಕೆ ಖುಷಿಯಾಗಿರಬೇಕೆಂದಿಲ್ಲ, ಸಮಸ್ಯೆ ಇಲ್ಲ ಎಂದು ನಟಿಸಬೇಕಾಗಿಲ್ಲ. ಎದುರಿಗೆ ಒಬ್ಬ ಮನುಷ್ಯ ಬೇಕು, ಅವರು ಮಾಡಿದ ಒಂದು ನಿರ್ದಿಷ್ಟ ಕೆಲಸ ಬೇಕು, ಅಷ್ಟೇ. ಮನಃಶಾಸ್ತ್ರಜ್ಞರ ಪ್ರಯೋಗಗಳೂ ಇದನ್ನೇ ತೋರಿಸಿವೆ. 2005ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು, ಹಿಂದೆ ಸರಿಯಾಗಿ ಧನ್ಯವಾದ ಹೇಳದೆ ಉಳಿದವರಿಗೆ ಪತ್ರ ಬರೆದು ಖುದ್ದಾಗಿ ಕೊಟ್ಟುಬರಲು ಜನರಿಗೆ ಹೇಳಿದರು. ಕೊಟ್ಟುಬಂದವರ ಮನಸ್ಸು ಹಗುರವಾದದ್ದು ಒಂದು ತಿಂಗಳವರೆಗೂ ಕಾಣುತ್ತಿತ್ತು. ಒಂದು ತಿಂಗಳು ಮಾತ್ರ, ಜೀವನಪೂರ್ತಿ ಅಲ್ಲ. ಆದರೆ ನಿಮಗೀಗ ಬೇಕಾದದ್ದು ಈ ತಿಂಗಳು ದಾಟುವುದು.

ನೀರು ತುಂಬುವ ದಿನ ಮಧ್ಯಾಹ್ನ, ಅರ್ಧ ಹಾಳೆಯಲ್ಲಿ ಆಗಸ್ಟ್‌ನಿಂದ ಈಚೆಗೆ ಯಾರು ಏನು ಮಾಡಿದರು ಎಂದು ಇಬ್ಬರೂ ಕೂತು ಬರೆಯಿರಿ. ಉದ್ರಿ ಕೊಟ್ಟ ಅಂಗಡಿಯವರು, ಬಾಡಿಗೆ ಒಂದು ವಾರ ತಡವಾದರೂ ಕೇಳದ ಮನೆ ಮಾಲೀಕರು, ದಿನಗೂಲಿ ಕೆಲಸಕ್ಕೆ ಕರೆದ ಹಳೇ ಸಹೋದ್ಯೋಗಿ, ಬ್ಲೌಸಿಗೆ ಗಿರಾಕಿ ಕಳಿಸಿದ ಪಕ್ಕದ ಮನೆಯವರು. ನಾಲ್ಕು ಹೆಸರಿಗಿಂತ ಹೆಚ್ಚು ಬೇಡ. 'ಆರೋಗ್ಯ', 'ಕುಟುಂಬ' ಎಂಬಂಥ ದೊಡ್ಡ ಮಾತು ಬರೆಯಬೇಡಿ, ಅವು ಮನಸ್ಸಿಗೆ ತಾಗುವುದಿಲ್ಲ. ಪಾಡ್ಯದ ದಿನ ಸಂಜೆ ಒಂದೊಂದು ಮನೆಗೆ ಆರಾರು ಕಜ್ಜಾಯ, ಎಲೆ ಅಡಿಕೆ ಹಿಡಿದು ಯಜಮಾನರೂ ನೀವೂ ಹೋಗಿ. 50ರಲ್ಲಿ 21 ನೋಮಿಗೆ, 24 ಈ ನಾಲ್ಕು ಮನೆಗೆ. ನೋಮಿನವು ಮನೆಯವರಿಗೆ ತಿನ್ನಲು ಉಳಿಯುತ್ತವೆ. ಬಾಗಿಲಲ್ಲಿ ನಿಂತು ಆಗಿದ್ದನ್ನು ಇದ್ದ ಹಾಗೆ ಹೇಳಬೇಕು: 'ಸೆಪ್ಟೆಂಬರ್‌ನಲ್ಲಿ ಅಕ್ಕಿ ಬೇಳೆ ಬರೆದಿಟ್ಟುಕೊಂಡು ಕೊಟ್ರಿ, ಒಂದು ಮಾತೂ ಆಡ್ಲಿಲ್ಲ. ನಮ್ಗೆ ನೆನಪಿದೆ.' ತುಂಬಾ ಥ್ಯಾಂಕ್ಸ್ ಎನ್ನುವುದಕ್ಕಿಂತ ತಿಂಗಳು, ಸಾಮಾನು, ಸಂದರ್ಭ ಹೇಳಿದ ಮಾತು ಕೇಳಿದವರ ಮನಸ್ಸಿನಲ್ಲೂ ಹೇಳಿದವರ ಮನಸ್ಸಿನಲ್ಲೂ ನಿಲ್ಲುತ್ತದೆ. ಕೆಲಸ ಕಳೆದುಕೊಂಡ ಮೇಲೆ ಯಜಮಾನರು ಎಲ್ಲ ಮನೆಗಳಿಗೂ ಕೇಳುವವರಾಗಿ ಹೋಗಿದ್ದಾರೆ. ಆ ಸಂಜೆ ಕೊಡುವವರಾಗಿ ಹೋಗುತ್ತಾರೆ. ನಮಗೆ ಈ ಭಾಗವೇ ಬಹಳ ಮುಖ್ಯ ಎನಿಸುತ್ತದೆ.

ಇದರಲ್ಲಿ ಕೆಡುವುದೂ ಉಂಟು. ಊಟದ ಹೊತ್ತಿಗೆ ಎಲ್ಲರೂ ಒಂದೊಂದು ಧನ್ಯವಾದ ಹೇಳಿ ಎಂದು ನೆಂಟರ ಮುಂದೆ ಕೂರಿಸಿದರೆ ಮಕ್ಕಳು ಒಪ್ಪಿಸುತ್ತಾರೆ, ಯಜಮಾನರು ಎದ್ದು ಹೋಗುತ್ತಾರೆ. ಬೇಡ. ನಮಗಿಂತ ಕಷ್ಟದಲ್ಲಿರುವವರನ್ನು ತೋರಿಸಿ ಸಮಾಧಾನ ಹೇಳುವುದೂ ಬೇಡ, ಇನ್ನೊಬ್ಬರ ಕಷ್ಟ ನಮ್ಮ ಔಷಧಿಯಲ್ಲ. ದಿನಾ ರಾತ್ರಿ ಡೈರಿ ಬರೆಯುವುದು ಸ್ವಲ್ಪ ದಿನಕ್ಕೆ ಮನೆಗೆಲಸವಾಗಿಬಿಡುತ್ತದೆ, ವಾರಕ್ಕೊಮ್ಮೆ ಸಾಕು. ಯಜಮಾನರಿಗೆ ನೀವು ಹೇಳಬೇಕಾದದ್ದು ಇದ್ದರೆ ಇಬ್ಬರೇ ಇರುವಾಗ ಹೇಳಿ, ಅದೂ ಸಂಬಳಕ್ಕೆ ಸಂಬಂಧವಿಲ್ಲದ್ದು. ಮಳೆಯಲ್ಲಿ ಅತ್ತೆಯವರ ಮಾತ್ರೆಗೆ ಹೋಗಿಬಂದದ್ದು, ಚಿಕ್ಕದಕ್ಕೆ ಲೆಕ್ಕ ಹೇಳಿಕೊಟ್ಟದ್ದು. ಅಳು ಬಂದರೆ ಅತ್ತುಬಿಡಿ. ಹಬ್ಬದ ದಿನ ಅಳಬಾರದು ಎಂದು ತಡೆದುಕೊಂಡರೆ ಅದು ಮಕ್ಕಳ ಮೇಲಿನ ಸಿಡುಕಾಗಿ ಹೊರಬರುತ್ತದೆ.

ಗೋಡೆ ನೋಡಿಕೊಂಡು ಕೂರುವುದರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕೆಲಸ ಹೋದ ಮೊದಲ ತಿಂಗಳುಗಳಲ್ಲಿ ಮೌನ ಸಹಜ. ಆದರೆ ಎರಡು ವಾರದಿಂದ ಸರಿಯಾಗಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕುಡಿತ ಶುರುವಾಗಿದೆ ಅಥವಾ ಹೆಚ್ಚಾಗಿದೆ, 'ನಾನಿಲ್ಲದಿದ್ದರೆ ನಿಮಗೇ ಒಳ್ಳೇದು' ಎಂಬಂಥ ಮಾತು ಒಮ್ಮೆ ಬಂದರೂ ಸರಿ, ಹಬ್ಬ ಮುಗಿಯಲಿ ಎಂದು ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ಹಣವಿಲ್ಲ. ಅವರು ಕರೆ ಮಾಡಲು ಒಪ್ಪದಿದ್ದರೆ ನೀವೇ ಮಾಡಿ ಏನು ಮಾಡಬೇಕೆಂದು ಕೇಳಬಹುದು. 'ಸಾಯುವ ಯೋಚನೆ ಬರುತ್ತಿದೆಯಾ' ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ.

ಕೆಲಸಗಳ ಕ್ರಮ ಹೀಗಿರಲಿ. ಇವತ್ತು ಲೆಕ್ಕದ ಹಾಳೆ ಮತ್ತು ಲಕೋಟೆ. ನಾಳೆ ಬೋನಸ್ ಅರ್ಜಿ. ಈ ಭಾನುವಾರ ಅತ್ತೆಯವರಿಂದ ಮೊದಲು ನಾದಿನಿಗೆ, ಆಮೇಲೆ ಬೀಗಿತ್ತಿಗೆ ಫೋನು. ಮುಂದಿನ ವಾರ ಬಟ್ಟೆ. ಹಬ್ಬಕ್ಕೆ ಐದು ದಿನ ಇರುವಾಗ ಅಕ್ಕಿ ನೆನೆಹಾಕಿ, ನಾಲ್ಕು ದಿನ ಇರುವಾಗ ಸಂಜೆ ಪಾಕ, ಮೂರು ದಿನ ಇರುವಾಗ ಬಾಣಲೆ. ಮೊದಲ ಕಜ್ಜಾಯ ಎಣ್ಣೆಗೆ ಬಿಡುವಾಗ ಮನೆಯವರೆಲ್ಲ ಅಡುಗೆಮನೆಯಲ್ಲೇ ಇರುವ ಹಾಗೆ ಹೊತ್ತು ನೋಡಿಕೊಳ್ಳಿ.